ನಾಲ್ಕನೆಯ ಕುಡಿಕೆ

ಅಚ್ಚಣ್ಣ ವೈಜಯಂತಿಯ ಕುಡಿಕೆಯನ್ನು ಮೂರನೆಯ ಸಲ ಬೋರಲು ಹಾಕಿದಾಗಲೂ ಒಂದು ತೊಟ್ಟು ಕೆಳಗೆ ಬೀಳಲಿಲ್ಲ. ಆವತ್ತು ನಮಗಿಬ್ಬರಿಗೂ ಮೂವತ್ತೆರಡು ವರ್ಷ. ಕಟ್ಟೆಯ ಸುತ್ತ ಸೇರಿದ್ದ ಜನವೆಲ್ಲ "ಗಟ್ಟಿ! ಗಟ್ಟಿ!" ಎಂದು ಕೂಗಿದರು. ನಾನೂ ಕೂಗಿದೆ. ಎಲ್ಲರಿಗಿಂತ ಜೋರಾಗಿ ಕೂಗಿದೆ, ಏಕೆಂದರೆ ಅವಳ ಪಕ್ಕದಲ್ಲೇ ನಿಂತಿದ್ದವಳು ನಾನು, ನನ್ನ ಹೊಟ್ಟೆಯೊಳಗೆ ಏನು ನಡೆಯುತ್ತಿದೆ ಎಂದು ಯಾರಿಗೂ ಗೊತ್ತಾಗಬಾರದಿತ್ತು. ಸ್ವಲ್ಪ ಹೊತ್ತಿಗೆ ನನ್ನ ಕುಡಿಕೆಯ ಬಟ್ಟೆ ಬಿಚ್ಚಿದರು. ಮೇಲೆಲ್ಲ ತಿಳಿನೀರು, ತಳದಲ್ಲಿ ಎರಡು ಬೆರಳಷ್ಟು ಬಿಳಿ. ಅಚ್ಚಣ್ಣ ಒಳ್ಳೆಯ ಮನುಷ್ಯ, ಮೆಲ್ಲಗೇ ಹೇಳಿದ: "ನೀರು ಕಣಮ್ಮಾ ಚೆಲುವಾಂಬೆ." ಅವನು ಎಷ್ಟು ಮೆಲ್ಲಗೆ ಹೇಳಿದರೂ ಹಿಂದಿನ ಸಾಲಿನವರೆಗೂ ಕೇಳಿಸಿತು.

ನಮ್ಮೂರಿನಲ್ಲಿ ಹದಿನೆಂಟು ತುಂಬಿದ ಮೇಲೆ ಏಳು ವರ್ಷಕ್ಕೊಮ್ಮೆ ಎಲ್ಲರೂ ಕುಡಿಕೆ ಇಡಬೇಕು. ಉಗುರುಬೆಚ್ಚಗಿನ ಹಾಲು ತುಂಬಿದ ಮಣ್ಣಿನ ಕುಡಿಕೆಯನ್ನು ಒಬ್ಬರು ಎರಡೂ ಅಂಗೈಯಲ್ಲಿ ಹಿಡಿದು ಎದೆಗೆ ಒತ್ತಿಕೊಳ್ಳುತ್ತಾರೆ. ಕುಡಿಕೆ ಯಾರದೋ ಅವರು ಅದರಲ್ಲಿ ಕಿರುಬೆರಳು ಅದ್ದಿ ನೂರು ಎಣಿಸುತ್ತಾರೆ. ಹೆಪ್ಪು ಹಾಕುವುದಿಲ್ಲ. ಬೆಳಿಗ್ಗೆ ಇಟ್ಟದ್ದು ಸಂಜೆಗೆ ಮೊಸರಾಗಿರುತ್ತದೆ, ಅಚ್ಚಣ್ಣ ಬೋರಲು ಹಾಕಿ, ರುಚಿ ನೋಡಿ ಬಗೆ ಹೇಳುತ್ತಾನೆ. ಆ ಮೊಸರೇ ಅವರ ಗುಣ. ಸಿಹಿಯವರನ್ನು ಮಕ್ಕಳ ಶಾಲೆಗೆ ಹಾಕುತ್ತಾರೆ, ಹುಳಿಯವರನ್ನು ಸಂತೆಯಲ್ಲಿ ತಕ್ಕಡಿ ಪರೀಕ್ಷೆಗೆ, ನೀರಿನವರನ್ನು ಅಲ್ಲಿಂದಿಲ್ಲಿಗೆ ಸುದ್ದಿ ಮುಟ್ಟಿಸುವುದಕ್ಕೆ. ಗಟ್ಟಿಯವರಿಗೆ ಮಾತ್ರ ನ್ಯಾಯದ ಕಟ್ಟೆಯಲ್ಲಿ ಕೈಯಿರುವ ಕುರ್ಚಿ. ಇಷ್ಟಿದ್ದೂ ನಮ್ಮ ಮನೆಗಳಲ್ಲಿ ಯಾರೂ ಮೊಸರು ಮಾಡುವುದಿಲ್ಲ. ಊಟದ ಮೊಸರು ಹೊಳೆಯಾಚೆಯ ಊರಿನಿಂದ ಬರುತ್ತದೆ. ಮನೆಯಲ್ಲೇ ಮಾಡಿಕೊಂಡರೆ ಬೆಳಗಾದರೆ ಗಂಡಹೆಂಡಿರ ಜಗಳ ಬಿಡಿಸುವವರು ಯಾರು?

ಹದಿನೆಂಟರಲ್ಲಿ ನನಗೆ ಸಿಹಿ ಬಂದಿತ್ತು. ಆಗ ನನ್ನ ಕುಡಿಕೆ ಹಿಡಿದದ್ದು ಅಮ್ಮ. ಏಳು ವರ್ಷ ಮಕ್ಕಳ ಮೂಗು ಒರೆಸಿದೆ, ಹಾಡು ಹೇಳಿಕೊಟ್ಟೆ. ಇಪ್ಪತ್ತೈದರಲ್ಲಿ, ಮದುವೆಯಾದ ಹೊಸದರಲ್ಲಿ, ಕುಡಿಕೆ ಹಿಡಿದದ್ದು ನನ್ನ ಗಂಡ. ಹುಳಿ ಬಂತು. ಅಚ್ಚಣ್ಣ ನಾಲಿಗೆಗೆ ಹಚ್ಚಿಕೊಂಡು ಒಂದು ಕಣ್ಣು ಮುಚ್ಚಿದ. ಅಲ್ಲಿಂದ ಸಂತೆಯಲ್ಲಿ ತಕ್ಕಡಿ ನೋಡುತ್ತ ವ್ಯಾಪಾರಿಗಳ ಶಾಪ ತಿಂದೆ. ಮೂವತ್ತೆರಡರಲ್ಲಿ ವೈಜಯಂತಿ ತಾನಾಗಿಯೇ ಬಂದು, "ನೀನು ಯಾವಾಗಲೂ ನಂದು ಹಿಡೀತೀಯ, ಈ ಸಲ ನಿಂದು ನಾನು ಹಿಡೀತೀನಿ ಕಣೇ" ಎಂದಳು. ಗೆಳತಿಯ ಪ್ರೀತಿ ಎಂದುಕೊಂಡೆ. ನೀರು ಬಂತು. ಅಂದಿನಿಂದ ಚೀಟಿ ಹಿಡಿದು ಬೀದಿ ಬೀದಿ ಅಲೆಯುತ್ತಿದ್ದೆ.

ವೈಜಯಂತಿಗೆ ಮೂರಕ್ಕೆ ಮೂರೂ ಗಟ್ಟಿ. ಅವಳ ತಾಯಿ ಅವಳು ಚಿಕ್ಕವಳಿದ್ದಾಗಲೇ ತೀರಿಹೋಗಿದ್ದರಿಂದ ಮೊದಲನೆಯ ಸಲ ಅವಳ ಕುಡಿಕೆ ಹಿಡಿಯಲು ನಾನು ಹೋಗಿದ್ದೆ. ಆಮೇಲೆ ಅದೇ ಪದ್ಧತಿಯಾಯಿತು. ಗಂಡ ಮನೆಯಲ್ಲೇ ಇದ್ದರೂ ನನ್ನನ್ನೇ ಕರೆಯುತ್ತಿದ್ದಳು. ನಾವಿಬ್ಬರೂ ಹುಟ್ಟಿದ್ದು ಒಂದೇ ತಿಂಗಳಲ್ಲಿ, ಓದಿದ್ದು ಒಂದೇ ಬೆಂಚಿನಲ್ಲಿ. ಲೆಕ್ಕ ಬಾರದೆ ನನ್ನ ಸ್ಲೇಟು ನೋಡಿ ಬರೆಯುತ್ತಿದ್ದವಳು ಅವಳು. ಈಗ ಅವಳು ಕೈಯಿರುವ ಕುರ್ಚಿಯಲ್ಲಿ ಕೂತರೆ ನಾನು ಕೆಳಗೆ ಮೆಟ್ಟಿಲ ಮೇಲೆ ಚೀಟಿ ಹಿಡಿದು ಕೂರಬೇಕು. ಮದುವೆ ಮನೆಯಲ್ಲಿ ಅವಳ ಎಲೆಗೆ ಕೇಳದೆಯೇ ಎರಡನೆಯ ಹೋಳಿಗೆ ಬೀಳುತ್ತಿತ್ತು. ನನ್ನ ಎಲೆಯ ಹತ್ತಿರ ಬರುವ ಹೊತ್ತಿಗೆ ಬುಟ್ಟಿ ಬರಿದಾಗಿರುತ್ತಿತ್ತು. ಅವಳು ಸೀರೆ ಉಟ್ಟ ರೀತಿ, ಅವಳು ಕೆಮ್ಮಿದ ರೀತಿ, ಎಲ್ಲಕ್ಕೂ ಜನ "ಎಷ್ಟೇ ಆಗಲಿ ಗಟ್ಟಿಯವಳು" ಎನ್ನುತ್ತಿದ್ದರು. ಕೆಮ್ಮಿನಲ್ಲಿ ಎಂಥ ಗಟ್ಟಿತನ? ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಉರಿಯುತ್ತಿದ್ದದ್ದು ಇನ್ನೊಂದಕ್ಕೆ. ಸೋಮವಾರ ಕಟ್ಟೆಯಲ್ಲಿ ತೀರ್ಪು ಹೇಳುವ ಮೊದಲು ಅವಳು ಒಂದು ಸಲ ಕೆಳಗೆ ನನ್ನ ಕಡೆ ತಿರುಗಿ ನನ್ನ ಮುಖ ನೋಡುತ್ತಿದ್ದಳು. ಬೇಲಿ ಜಗಳವಿರಲಿ, ಬಾವಿ ಜಗಳವಿರಲಿ, ನೋಡಿಯೇ ಬಾಯಿ ತೆರೆಯುತ್ತಿದ್ದಳು. ನಾನು ಉರಿಯುತ್ತಿದ್ದೇನೋ ಇಲ್ಲವೋ ಎಂದು ನೋಡಿಕೊಳ್ಳುತ್ತಾಳೆ ಎಂದೇ ನಾನು ತಿಳಿದಿದ್ದೆ. ನಾನೂ ಬಿಟ್ಟುಕೊಡದೆ ಆ ಜಗಳದಲ್ಲಿ ಯಾರದು ಸರಿ ಎಂದು ನನಗೆ ಅನಿಸುತ್ತಿತ್ತೋ ಅವರ ಕಡೆ ನೋಡಿಬಿಡುತ್ತಿದ್ದೆ. ಅವಳೂ ಅವರದೇ ಸರಿ ಎಂದು ಖಡಾಖಂಡಿತವಾಗಿ ಹೇಳುತ್ತಿದ್ದಳು. ಜನ ತಲೆದೂಗುತ್ತಿದ್ದರು.

ಮೂರು ಸಲ ಮೂರು ಬಗೆ ಬಂದವರು ಊರಿನಲ್ಲಿ ನಾನೊಬ್ಬಳೇ ಅಲ್ಲ. ಅಂಥವರಿಗೆ ಅರ್ಥ ಹೇಳುವ ಸಂಪಂಗಿರಾಯರು ಅಂತ ಒಬ್ಬರಿದ್ದರು. ಅವರ ಜಗಲಿಯಲ್ಲಿ ಯಾವಾಗಲೂ ಏಳೆಂಟು ಜನ ಕೂತಿರುತ್ತಿದ್ದರು. ನನ್ನ ಸರದಿ ಬಂದಾಗ ರಾಯರು ಕಣ್ಣು ಮುಚ್ಚಿ ಯೋಚಿಸಿ, "ನೋಡಮ್ಮಾ, ನಿನ್ನ ತಿರುಳು ಸಿಹಿ. ಅದರ ಮೇಲೆ ಸಂಸಾರದ ಹುಳಿ ಕೂತಿದೆ. ಅದರ ಮೇಲೆ ವಯಸ್ಸಿನ ನೀರು ನಿಂತಿದೆ. ಮೂರೂ ನೀನೇ" ಎಂದರು. ಮುಂದಿನ ವಾರ ಮರೆತು ಮತ್ತೆ ಹೋದವಳಂತೆ ನಟಿಸಿ ಕೇಳಿದರೆ, ತಿರುಳು ನೀರು, ಸಿಹಿ ಬರೀ ಸಿಪ್ಪೆ ಎಂದರು. ಮನೆಗೆ ಬಂದು ಹೇಳಿದರೆ ನನ್ನ ಗಂಡ ರಿಪೇರಿ ಮಾಡುತ್ತಿದ್ದ ಬೀಗದಿಂದ ತಲೆಯೆತ್ತದೆ, "ಸಿಹಿ, ಹುಳಿ, ನೀರು ಮೂರೂ ಸೇರಿಸಿದ್ರೆ ಪಾನಕ ಆಗುತ್ತೆ ಕಣೇ. ಒಂದು ಲೋಟ ಇಲ್ಲಿ ಕೊಡು" ಎಂದರು. ಅವರ ನಾಲಿಗೆಯೇ ಹಾಗೆ. ಊರಿನ ಪಟ್ಟಿಯಲ್ಲಿ ಮಾತ್ರ ಅವರು ಸಿಹಿಯವರು.

ಆದರೆ ನಗುವ ಕಾಲ ಮುಗಿಯುತ್ತ ಬಂದಿತ್ತು. ಮೂವತ್ತೊಂಬತ್ತರದು ಕೊನೆಯ ಮಾತು. ನಾಲ್ಕನೆಯ ಕುಡಿಕೆ ಹಿಂದಿನ ಮೂರರಲ್ಲಿ ಒಂದಕ್ಕಾದರೂ ತಾಳೆಯಾಗಬೇಕು. ತಾಳೆಯಾದರೆ ಅದೇ ನಿಮ್ಮ ಗುಣ ಎಂದು ಗೊತ್ತಾಗುತ್ತದೆ. ಆಗದೆ ನಾಲ್ಕು ಸಲ ನಾಲ್ಕು ಬಗೆ ಬಂದರೆ ಕಟ್ಟೆಯ ಹೊರಗೋಡೆಯ ಕಪ್ಪು ಹಲಗೆಯ ಮೇಲೆ ಸುಣ್ಣದಲ್ಲಿ ಹೆಸರು ಬರೆಯುತ್ತಾರೆ. ಹೊರಹಲಗೆಯವರು ಕಟ್ಟೆಯ ಮೆಟ್ಟಿಲು ಹತ್ತುವಂತಿಲ್ಲ, ಅಲ್ಲಿ ಬಾಯಿ ತೆರೆಯುವಂತಿಲ್ಲ, ಯಾರ ಕುಡಿಕೆಯನ್ನೂ ಹಿಡಿಯುವಂತಿಲ್ಲ. ವೈಜಯಂತಿಯದು ಬೇರೆ ಕಥೆ. ನಾಲ್ಕನೆಯದೂ ಗಟ್ಟಿ ಬಂದರೆ ಕಟ್ಟೆಯ ಯಜಮಾನಿಕೆಯೇ ಅವಳದು. ಅರವತ್ತು ವರ್ಷದಲ್ಲಿ ಯಾರಿಗೂ ನಾಲ್ಕು ಸಲ ಗಟ್ಟಿ ಬಂದಿರಲಿಲ್ಲ. ಅವಳಿಗೆಂದು ಬಡಗಿ ಆಗಲೇ ದೊಡ್ಡ ಕುರ್ಚಿಗೆ ಹೊಸ ಬೆತ್ತ ಹೆಣೆಯುತ್ತಿದ್ದ. ಆ ಬೀದಿಯಲ್ಲಿ ಚೀಟಿ ಕೊಡಲು ಹೋಗುವಾಗಲೆಲ್ಲ ನಾನು ಮುಖ ಆ ಕಡೆ ತಿರುಗಿಸಿಕೊಂಡು ಹೋಗುತ್ತಿದ್ದೆ.

ಮನೆಯಲ್ಲಿ ಅಭ್ಯಾಸ ಮಾಡಬಾರದೆಂದು ಕಟ್ಟುನಿಟ್ಟು. ನಾನು ಮಾಡಿದೆ. ಮೊದಲು ಅಮ್ಮನ ಹತ್ತಿರ ಹೋಗಿ ಕುಡಿಕೆ ಹಿಡಿಸಿದೆ. ಸಿಹಿ. ಖುಷಿಯಾಯಿತು, ಸದ್ಯ ತಾಳೆಯಾಗುತ್ತದೆ ಎಂದುಕೊಂಡೆ. ಮಾರನೆಯ ದಿನ ಗಂಡನ ಕೈಗೆ ಕೊಟ್ಟೆ. ಬಾಯಲ್ಲಿಡಲಾಗದ ಹುಳಿ. ಮತ್ತೆ ಅಮ್ಮ, ಮತ್ತೆ ಸಿಹಿ. ಮತ್ತೆ ಗಂಡ, ಮತ್ತೆ ಹುಳಿ. ನಾನೇನು ಗಾಳಿಗೆ ಹೊರಳುವ ಎಲೆಯೇ ಎಂದು ಅಳು ಬಂತು. "ನಿನಗೆ ಬಂದದ್ದು ಏನಮ್ಮಾ?" ಎಂದು ಅಮ್ಮನನ್ನು ಕೇಳಿದೆ. "ನಂದೇನು, ಹುಳಿ. ನಮ್ಮತ್ತೆ ಹಿಡಿದಿದ್ರು, ಅವತ್ತು ಅಚ್ಚಣ್ಣನ ಅಪ್ಪ ಮುಖ ಸಿಂಡರಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ" ಎಂದು ನಕ್ಕಳು. ನನ್ನ ಅಮ್ಮ ಹುಳಿಯವಳಂತೆ! ಅವಳು ಜನ್ಮದಲ್ಲಿ ಒಂದು ಬೆಕ್ಕನ್ನೂ ಗದರಿಸಿದವಳಲ್ಲ. ಅವಳ ಅತ್ತೆ, ನನ್ನ ಅಜ್ಜಿ, ಬಾಯಿ ತೆರೆದರೆ ಮಾತ್ರ ಬೀದಿಯೇ ಖಾಲಿಯಾಗುತ್ತಿತ್ತು. ಆಗಲೂ ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಹಾಲು ಕಾಯಿಸಿಯಾಗಿತ್ತು, ಆರಿಹೋಗುತ್ತಿತ್ತು. ಯಾರಿಗಾಗಿ ಕಾಯುವುದು ಎಂದು ಕುಡಿಕೆಯನ್ನು ನಾನೇ ಎಡಗೈಯಲ್ಲಿ ಎದೆಗೆ ಒತ್ತಿಕೊಂಡು, ಬಲಗೈಯ ಕಿರುಬೆರಳು ಅದ್ದಿ ನೂರು ಎಣಿಸಿದೆ. ಸಂಜೆ ದೀಪ ಹಚ್ಚುವ ಮುಂಚೆ ಬಟ್ಟೆ ಬಿಚ್ಚಿ ತಟ್ಟೆಯ ಮೇಲೆ ಬೋರಲು ಹಾಕಿದೆ. ಬೀಳಲಿಲ್ಲ. ಅಲ್ಲಾಡಿಸಿದೆ. ಬೀಳಲಿಲ್ಲ. ತಳ ತಟ್ಟಿದೆ. ಕೊನೆಗೆ ಚಮಚ ಹಾಕಿ ಕೀಳಬೇಕಾಯಿತು, ಕಿತ್ತ ಗುರುತು ಹಾಗೇ ನಿಂತಿತ್ತು. ಅಂಥ ಮೊಸರನ್ನು ನಾನು ಮೂರು ಸಲ ನೋಡಿದ್ದೆ. ಮೂರು ಸಲವೂ ವೈಜಯಂತಿಯ ಕುಡಿಕೆಯಲ್ಲಿ. ಮೂರು ಸಲವೂ ಆ ಕುಡಿಕೆಯನ್ನು ಎದೆಗೆ ಒತ್ತಿ ಹಿಡಿದಿದ್ದವಳು ನಾನು.

ಬೆರಳಿಗಲ್ಲ, ಹಾಲು ಹೆಪ್ಪುಗಟ್ಟುತ್ತಿದ್ದದ್ದು ಹಿಡಿದ ಕೈಗೆ. ಊರಿಗೆ ಊರೇ ತಮ್ಮದಲ್ಲದ ಗುಣ ಹೊತ್ತು ತಿರುಗುತ್ತಿತ್ತು, ಅದರ ಚಿಂತೆ ನನಗೆ ಆಗಲಿಲ್ಲ. ಇಪ್ಪತ್ತೊಂದು ವರ್ಷ ನಾನು ಹೊಟ್ಟೆ ಉರಿದುಕೊಂಡದ್ದು ನನ್ನ ಮೊಸರನ್ನೇ ನೋಡಿ, ಅದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಆ ಕುರ್ಚಿ ನನ್ನದು. ಆ ಎರಡನೆಯ ಹೋಳಿಗೆ ನನ್ನದು. ಅವಳದೆಂದು ಅಂದುಕೊಂಡ ಒಂದೊಂದು ಚಪ್ಪಾಳೆಯೂ ನನ್ನದು. ನನಗೆ ಬಂದ ನೀರೋ, ಅದು ಹಿಡಿದವಳದು, ಅವಳದು. ಓಡಿಹೋಗಿ ಕಟ್ಟೆಯ ಮೇಲೆ ನಿಂತು ಕೂಗೋಣವೆಂದು ಬಾಗಿಲವರೆಗೆ ಹೋದೆ. ಮೂರು ಬಗೆ ಬಂದವಳ ಮಾತನ್ನು ಯಾರು ನಂಬುತ್ತಾರೆ ಎಂದು ನೆನಪಾಗಿ ತಿರುಗಿ ಬಂದೆ.

ಇನ್ನೊಂದು ಲೆಕ್ಕವೂ ಹಾಕಿದೆ. ಅಮ್ಮನ ಕೈಯಲ್ಲಿ ಹಿಡಿಸಿದರೆ ಸಿಹಿ, ಗಂಡನ ಕೈಯಲ್ಲಿ ಹುಳಿ, ವೈಜಯಂತಿಯ ಕೈಯಲ್ಲಿ ನೀರು. ಯಾವುದಾದರೂ ಹಿಂದಿನದೊಂದಕ್ಕೆ ತಾಳೆಯಾಗುತ್ತದೆ, ನಾನು ಉಳಿದುಕೊಳ್ಳುತ್ತೇನೆ. ನಾನೇ ಹಿಡಿದರೆ ಗಟ್ಟಿ, ಅಂದರೆ ನಾಲ್ಕನೆಯ ಬಗೆ, ಅಂದರೆ ಹೊರಹಲಗೆ. ಯಾರದೋ ಗುಣವನ್ನು ಎರಡು ಸಲ ತೋರಿಸಿದರೆ ಕಟ್ಟೆಯೊಳಗೆ, ನನ್ನದನ್ನು ಒಂದೇ ಸಲ ತೋರಿಸಿದರೆ ಕಟ್ಟೆಯಾಚೆ.

ಕುಡಿಕೆಯ ದಿನ ಬೆಳಿಗ್ಗೆ ವೈಜಯಂತಿ ಹಸಿರು ಅಂಚಿನ ಸೀರೆಯುಟ್ಟು, ಹಾಲಿನ ಕುಡಿಕೆ ಹಿಡಿದು ನನ್ನ ಹತ್ತಿರ ಬಂದಳು. ಕಟ್ಟೆಯ ಹಿಂದಿನ ಅಂಗಳದಲ್ಲಿ ನಾವಿಬ್ಬರೇ ಇದ್ದೆವು.

"ಹಿಡಿ ಚೆಲುವೀ, ಆರಿಹೋಗುತ್ತೆ" ಎಂದಳು.

"ಈ ಸಲ ನಿಮ್ಮ ಯಜಮಾನರಿಗೆ ಕೊಡು" ಎಂದೆ.

ಅವಳು ಯಾಕೆ ಎಂದು ಕೇಳಲಿಲ್ಲ. ಕೇಳದೆ ಇದ್ದದ್ದರಿಂದಲೇ ನನಗೆ ಗೊತ್ತಾಯಿತು.

"ನಿನಗೆ ಗೊತ್ತಿತ್ತು" ಎಂದೆ.

"ಎರಡನೇ ಸಲ ಆದ್ಮೇಲೆ ಗೊತ್ತಾಯ್ತು. ಮನೇಲಿ ಒಬ್ಳೇ ಹಿಡ್ಕೊಂಡು ನೋಡ್ದೆ. ಬರೀ ನೀರು ಕಣೇ. ಹತ್ತು ಸಲ ನೋಡ್ದೆ, ಹತ್ತು ಸಲಾನೂ ನೀರು."

"ಗೊತ್ತಿದ್ದೂ ನನ್ನ ಕುಡಿಕೆ ಹಿಡಿಯೋಕೆ ಬಂದ್ಯಾ? ನೀನಾಗೇ ಬಂದೆಯಲ್ಲೇ ಪುಣ್ಯಾತ್ಗಿತ್ತಿ!"

ಅವಳು ಕುಡಿಕೆಯನ್ನೇ ನೋಡುತ್ತ ನಿಂತಳು. "ನಿಂದು ನೀನೇ ಹಿಡ್ಕೊಂಡು ನೋಡಿಬಿಟ್ರೆ ಅಂತ ಭಯ ಇತ್ತು. ನೀನು ಆ ಕುರ್ಚಿಗೆ ಬಂದ್ರೆ ನಾನೆಲ್ಲಿಗೆ ಹೋಗ್ಲಿ? ಮೆಟ್ಟಿಲ ಮೇಲೆ ಕೂತಿದ್ರೂ ನಿನಗೆ ಎಲ್ಲಾ ಗೊತ್ತಾಗುತ್ತೆ. ಯಾರದು ಸುಳ್ಳು, ಯಾರದು ನಿಜ, ಒಂದು ಸಲ ನೋಡಿದ್ರೆ ಸಾಕು. ನನಗೆ ಏನೂ ಗೊತ್ತಾಗಲ್ಲ ಚೆಲುವೀ. ನಿನ್ನ ಮುಖ ನೋಡಿ ಹೇಳ್ತೀನಿ. ನಿನ್ನ ಕಂಡ್ರೆ ನನಗೆ ಎಷ್ಟು ಹೊಟ್ಟೆ ಉರಿಯುತ್ತೆ ಅಂತ ನಿನಗೆ ಗೊತ್ತಿಲ್ಲ."

ನಿಜ ಹೇಳಬೇಕೆಂದರೆ ಆ ಕೊನೆಯ ಮಾತು ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು. ಬೈಯಬೇಕಾಗಿತ್ತು, ಕುಡಿಕೆ ಕಸಿದು ಒಡೆಯಬೇಕಾಗಿತ್ತು. ಬದಲಿಗೆ, ಇನ್ನೊಂದು ಸಲ ಹೇಳಿಸಿಕೊಳ್ಳುವ ಆಸೆಯಾಯಿತು. ಅಷ್ಟರಲ್ಲಿ ಒಳಗಿನಿಂದ ಅಚ್ಚಣ್ಣ ಅವಳ ಹೆಸರು ಕೂಗಿದ. ಅವಳು ಕಣ್ಣಲ್ಲಿ ನೀರು ತುಂಬಿಕೊಂಡು, "ಹಿಡೀತೀಯಾ?" ಎಂದಳು.

ಹಿಡಿದೆ. ದೊಡ್ಡ ಮನಸ್ಸು ಮಾಡಿ ಹಿಡಿದೆ ಎಂದು ಯಾರಾದರೂ ತಿಳಿದರೆ ತಪ್ಪು. ಊರೆಲ್ಲ ಸೇರಿದ್ದ ಆ ದಿನ ನನ್ನ ಮೊಸರು ಬೋರಲಾಗಿ ನಿಲ್ಲುವುದನ್ನು ನಾನು ಎಲ್ಲರಿಗೂ ತೋರಿಸಬೇಕಾಗಿತ್ತು, ಯಾರ ಹೆಸರಿನಲ್ಲಾದರೂ ಸರಿ. ಕುಡಿಕೆಯನ್ನು ಎದೆಗೆ ಅವುಚಿಕೊಂಡು, ಅವಳು ನೂರು ಎಣಿಸುವಷ್ಟು ಹೊತ್ತೂ ಉಸಿರು ಬಿಗಿಹಿಡಿದು ನಿಂತೆ.

ಆಮೇಲೆ ನನ್ನ ಸರದಿ. ಅಮ್ಮ ಮೂಲೆಯಲ್ಲಿ ಸೆರಗಿಗೆ ಕೈ ಒರೆಸಿಕೊಂಡು ಸಿದ್ಧಳಾಗಿ ನಿಂತಿದ್ದಳು. ವೈಜಯಂತಿಯೂ ತಾನೇ ಹಿಡಿಯುವವಳಂತೆ ಒಂದು ಹೆಜ್ಜೆ ಮುಂದೆ ಬಂದಳು. ನಾನು ಇಬ್ಬರಿಗೂ ಬೇಡವೆಂದು ತಲೆಯಾಡಿಸಿ ಕುಡಿಕೆಯನ್ನು ನನ್ನ ಎಡಗೈಗೇ ತೆಗೆದುಕೊಂಡೆ.

"ಹಿಡಿಯೋಕೆ ಯಾರೂ ಸಿಗಲಿಲ್ವಾ ತಾಯಿ?" ಎಂದ ಅಚ್ಚಣ್ಣ.

"ನಂದು ನಾನೇ ಹಿಡಿಯೋ ಹಾಗಿಲ್ವಾ ಅಣ್ಣಾ?"

ಅವನು ತಲೆ ಕೆರೆದುಕೊಂಡ. "ಹಿಡೀಬಾರದು ಅಂತ ಎಲ್ಲೂ ಇಲ್ಲ. ಹಿಡಿದವರನ್ನ ನಾನು ಕಂಡಿಲ್ಲ" ಎಂದ. ನಾನು ಬೆರಳು ಅದ್ದಿ ಎಣಿಸಿದೆ. ತೊಂಬತ್ತರವರೆಗೂ ಅಮ್ಮನ ಕೈಗೆ ಕೊಟ್ಟುಬಿಡಬಹುದಾಗಿತ್ತು, ಕೊಡಲಿಲ್ಲ.

ಸಂಜೆ ವೈಜಯಂತಿಯ ಕುಡಿಕೆ ಬೋರಲಾಯಿತು. ಅಚ್ಚಣ್ಣ ಅದನ್ನು ತಲೆಯ ಮೇಲೆತ್ತಿ ಸುತ್ತ ತಿರುಗಿಸಿ ತೋರಿಸಿದ. ಜನ ಹುಚ್ಚೆದ್ದು ಕೂಗಿದರು. ಅವಳನ್ನು ಕೈಹಿಡಿದು ಕರೆದೊಯ್ದು ಹೊಸ ಬೆತ್ತದ ಕುರ್ಚಿಯಲ್ಲಿ ಕೂರಿಸಿದರು. ನನ್ನ ಕುಡಿಕೆಯೂ ಬೋರಲಾಯಿತು, ಅದೂ ನಿಂತಿತು. ಅವಳದಕ್ಕಿಂತ ಹೆಚ್ಚು ಹೊತ್ತು ನಿಂತಿತು ಎಂದು ನನ್ನ ನಂಬಿಕೆ. ಯಾರೂ ಕೂಗಲಿಲ್ಲ. ಅಚ್ಚಣ್ಣ ಕುಡಿಕೆಯನ್ನು ಕೆಳಗಿಟ್ಟು, "ಗಟ್ಟಿ" ಎಂದ. ಊರಿನ ಪಟ್ಟಿ ನೋಡಿ, "ನಾಲ್ಕಕ್ಕೆ ನಾಲ್ಕೂ ಬೇರೆ" ಎಂದ. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

ಹೊರಹಲಗೆಯ ಮೇಲೆ ಹೆಸರು ಬರೆಯುವುದು ಯಜಮಾನಿಕೆಯ ಕೆಲಸ. ಹೊಸ ಯಜಮಾನತಿಯ ಕೈಗೆ ಸುಣ್ಣದ ಬಟ್ಟಲು, ಕುಂಚ ಕೊಟ್ಟರು. ಅವಳು ಹಲಗೆಯ ಮುಂದೆ ಹೋಗಿ ನಿಂತಳು, ಬರೆಯಲಿಲ್ಲ. ಕುಂಚದಿಂದ ಸುಣ್ಣ ತೊಟ್ಟಿಕ್ಕಿ ಹಸಿರು ಅಂಚಿನ ಮೇಲೆ ಬಿತ್ತು. ಹಿಂದಿನವರು ಗುಸುಗುಸು ಎನ್ನತೊಡಗಿದರು. ಒಂದು ಮಾತು ಹೇಳಿದ್ದರೆ ಸಾಕಾಗಿತ್ತು, ಅವಳಿಗೆ ಗೊತ್ತಿದ್ದ ಒಂದೇ ಮಾತು. ಹೇಳಿದರೆ ಕುರ್ಚಿ ಹೋಗುತ್ತಿತ್ತು. ಬರೆದರೆ ಸೋಮವಾರ ನೋಡಿಕೊಳ್ಳಲು ಮೆಟ್ಟಿಲ ಮೇಲೆ ನನ್ನ ಮುಖವಿರುತ್ತಿರಲಿಲ್ಲ. ಎರಡರಲ್ಲಿ ಯಾವುದು ಎಂದು ಅವಳಿಗೆ ತಿಳಿಯಲಿಲ್ಲ. ಅವಳು ಯಾವಾಗಲೂ ಮಾಡಿದ್ದನ್ನೇ ಮಾಡಿದಳು. ತಿರುಗಿ ನನ್ನ ಮುಖ ನೋಡಿದಳು.

ನಾನು ಬರೆದುಬಿಡು ಎಂದು ತಲೆಯಾಡಿಸಿದೆ.

ಬರೆದಳು. ಅಕ್ಷರ ಒಂದೂ ಅಲುಗಲಿಲ್ಲ. ಪ್ರಾಣದ ಗೆಳತಿ ಎಂದು ಕೂಡ ನೋಡಲಿಲ್ಲ, ಅದು ಗಟ್ಟಿತನ ಅಂದರೆ, ಎಂದು ಊರು ಇವತ್ತಿಗೂ ಆಡಿಕೊಳ್ಳುತ್ತದೆ.

ಈಗ ನಾನು ಗಂಡನ ಅಂಗಡಿಯಲ್ಲಿ ಕೂತು ಬೀಗಗಳಿಗೆ ಎಣ್ಣೆ ಬಿಡುತ್ತೇನೆ. ಮನೆಗೆ ಹೊಳೆಯಾಚೆಯ ಮೊಸರು ತರಿಸುವುದನ್ನು ನಿಲ್ಲಿಸಿದ್ದೇನೆ. ನಾನೇ ಮಾಡುತ್ತೇನೆ, ಗಂಡ ಬಾಯಿ ಚಪ್ಪರಿಸಿಕೊಂಡು ತಿನ್ನುತ್ತಾರೆ. ಹೊಟ್ಟೆಕಿಚ್ಚು ಹೋಯಿತೇ ಎಂದರೆ ಇಲ್ಲ. ಅವಳು ದೊಡ್ಡ ಕುರ್ಚಿಯಲ್ಲಿ ಕೂತಿದ್ದಾಳೆ ಎಂದು ನೆನೆದರೆ ಈಗಲೂ ಕೈಯಲ್ಲಿದ್ದ ಬೀಗ ಜಾರುತ್ತದೆ. ಯಜಮಾನತಿಯಾದ ಮೊದಲ ವಾರ ಅವಳು ಎರಡು ತೀರ್ಪುಗಳನ್ನು ಮುಂದಕ್ಕೆ ಹಾಕಿದಳಂತೆ. ಎರಡನೆಯ ವಾರ ಆ ಕುರ್ಚಿಯನ್ನು ಬೀದಿಯ ಕಡೆಗೆ ತಿರುಗಿಸಿ ಹಾಕಿಸಿದಳು. ಜನರೆಲ್ಲ ಕಣ್ಣೆದುರು ಇರಲಿ ಎಂದು ಹಾಗೆ ಮಾಡಿದ್ದಾಳೆ, ಎಂಥ ದೊಡ್ಡ ಗುಣ ಎಂದರು ಎಲ್ಲರೂ.

ಸೋಮವಾರ ಹನ್ನೊಂದು ಗಂಟೆಗೆ ನಾನು ಸೊಪ್ಪು ತರಲು ಹೋಗುತ್ತೇನೆ. ಸೊಪ್ಪಿನವಳು ನಮ್ಮ ಬೀದಿಗೇ ಬರುತ್ತಾಳೆ, ಆದರೂ ಕಟ್ಟೆಯ ಮುಂದಿನ ದಾರಿ ಹಿಡಿಯುತ್ತೇನೆ. ಅಲ್ಲಿ ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಳ್ಳುವವಳಂತೆ ಒಂದು ಗಳಿಗೆ ನಿಂತು, ಇಬ್ಬರೂ ಜಗಳಗಂಟರ ಮಾತು ಕೇಳಿಸಿಕೊಳ್ಳುತ್ತೇನೆ. ಆಮೇಲೆ ತಲೆಯೆತ್ತಿ ನೋಡುತ್ತೇನೆ. ಅವಳು ನನ್ನನ್ನೇ ನೋಡುತ್ತಿರುತ್ತಾಳೆ.